ಆಲೆಮನೆಯ ಗೋಡೆ

ಅಡುಗೆಮನೆಯ ಗೋಡೆಗೆ ಅಮ್ಮ ಅಂಟಿಸಿಟ್ಟಿದ್ದ ಪತ್ರಿಕೆಯ ಚೂರಿನ ಮೇಲೆ ಕಣ್ಣು ಬೀಳದ ಹಾಗೆ ಕೂತು ಕೋಕೋ ಟೀ ಕುಡಿಯುವುದು ಎರಡು ವಾರದಿಂದ ಲಿಯೊನೀಸಳಿಗೆ ಆಗಿರಲಿಲ್ಲ. ಎದುರಿಗೆ ಕೂತರೆ ಕಾಣುತ್ತಿತ್ತು, ಬೆನ್ನು ಹಾಕಿ ಕೂತರೆ ಬೆನ್ನಿಗೆ ಚುಚ್ಚುತ್ತಿತ್ತು. ಏಸುವಿನ ಪಟದ ಕೆಳಗೆ, ಕ್ಯಾಲೆಂಡರಿನ ಪಕ್ಕದಲ್ಲಿ, ಎಂಬತ್ತಮೂರು ವರ್ಷದ ಅಮ್ಮ ಮೈದಾ ಅಂಟು ಕುದಿಸಿ, ಸ್ಟೂಲು ಹತ್ತಿ ತಾನೇ ಅಂಟಿಸಿದ್ದಳು. ಅದರಲ್ಲಿ ಲಿಯೊನೀಸ್ ದ್ವೀಪದ ರಾಜಧಾನಿ ಕಾಸ್ಟ್ರೀಸಿನ ಗ್ಯಾಲರಿಯಲ್ಲಿ, ತಂಗಿಯಿಂದ ಎರವಲು ತಂದ ನೀಲಿ ಗೌನಿನಲ್ಲಿ, ನಗು ಎಂದು ಯಾರೋ ಹೇಳಿದ್ದಕ್ಕೆ ನಕ್ಕವಳ ಹಾಗೆ ನಿಂತಿದ್ದಳು. ಅವಳ ಹಿಂದೆ ಗೋಡೆಯಷ್ಟು ಉದ್ದದ ಕ್ಯಾನ್ವಾಸು. ಹದಿನಾಲ್ಕು ಜನ ತಲೆಯ ಮೇಲೆ ಗಂಟು ಹೊತ್ತು, ಒಬ್ಬರ ಹಿಂದೊಬ್ಬರು ಪಿತೋಂ ಬೆಟ್ಟದ ಇಳಿಜಾರನ್ನು ಏರುತ್ತಿದ್ದಾರೆ. ಕಬ್ಬಿನ ಎಸ್ಟೇಟಿನಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರು. ಮೇಲೆ ದಪ್ಪ ಅಕ್ಷರದಲ್ಲಿ ತಲೆಬರಹ: ‘ಕನಸಿನಲ್ಲಿ ಬಂದ ಹಿರಿಯರು’.

"ಕೊನೇಲಿ ಬರ್ತಿರೋ ಹೆಂಗಸು ಇದಾಳಲ್ಲ, ನಮ್ಮಜ್ಜಿ ಥರಾನೇ ಕಣೇ," ಎಂದಳು ಅಮ್ಮ, ಬೆರಳಿನಿಂದ ಪತ್ರಿಕೆಯ ಮೇಲೆ ಉಜ್ಜುತ್ತ. "ಆ ಮೂಗು ನೋಡು. ನೀನು ಅವಳನ್ನ ನೋಡೇ ಇಲ್ಲ. ಅವಳೇ ಬಂದು ತೋರಿಸಿದಾಳೆ. ನಂಗೆ ಒಂದ್ಸಲಾನೂ ಬರ್ಲಿಲ್ಲ, ನಿಂಗೆ ಬಂದ್ಳು."

"ಟೀ ಆರ್ತಾ ಇದೆ, ಕುಡಿಯಮ್ಮ."

"ಪಾದ್ರಿಗಳೂ ಕೇಳಿದ್ರು, ಕನಸಲ್ಲಿ ಏನಾದ್ರೂ ಅಂದ್ರಾ ಅಂತ. ಏನಂದ್ರೇ?"

"ಏನೂ ಅನ್ಲಿಲ್ಲ."

ಆ ಮೂಗು ಅಮ್ಮನದೇ. ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸುವ ಅಮ್ಮನ ಮೂಗನ್ನು ನೋಡಿ ಬರೆದದ್ದು. ಅದನ್ನು ಹೇಳಿಬಿಡಬಹುದಿತ್ತು. ಆದರೆ ಚಿಕ್ಕವಳಿದ್ದಾಗಿನಿಂದ ಎಷ್ಟು ಕೇಳಿದರೂ ‘ಕಬ್ಬು ಕಡಿದ್ರು, ಸತ್ರು, ಅದೆಲ್ಲ ಈಗ್ಯಾಕೆ’ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದ ಅಮ್ಮ ಈ ಎರಡು ವಾರದಲ್ಲಿ ಅಜ್ಜಿಯ ನಡಿಗೆ, ಅಜ್ಜಿಯ ಕೆಮ್ಮು, ಅಜ್ಜಿ ಯಾವತ್ತೂ ಸಕ್ಕರೆ ಬಾಯಿಗೆ ಹಾಕದೆ ಇದ್ದದ್ದು, ಒಂದೊಂದಾಗಿ ಹೇಳತೊಡಗಿದ್ದಳು. ಸುಳ್ಳಿನಿಂದ ತೆರೆದ ಬಾಗಿಲು ಅದು. ಅದನ್ನು ಹಾಕಿಬಿಡಲು ಲಿಯೊನೀಸಳಿಗೆ ಕೈ ಬರಲಿಲ್ಲ. ಅಮ್ಮನಿಗಾಗಿ ಸುಮ್ಮನಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುವಾಗ ಅದರಲ್ಲಿ ಅಮ್ಮನ ಪಾಲು ಎಷ್ಟು, ತನ್ನ ಪಾಲು ಎಷ್ಟು ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಇವತ್ತು ಹೇಳಿಬಿಡುತ್ತೇನೆ ಅಂದುಕೊಂಡಳು. ಅಮ್ಮನಿಗಲ್ಲ, ಮೊದಲು ತಾನು ಗೋಡೆಗೆ ಚಿತ್ರ ಬರೆಯಬೇಕಿದ್ದ ಹೋಟೆಲಿನ ಮೊನ್ರೋಸರಿಗೆ. ಆಮೇಲೆ ಗ್ಯಾಲರಿಯವರಿಗೆ. ಪ್ರದರ್ಶನ ಮುಗಿದಿದೆ, ಇನ್ನು ಹೇಳಿದರೆ ಏನಾಗುತ್ತದೆ. ಹಾಗೆ ಅಂದುಕೊಂಡದ್ದೂ ಇದು ಮೊದಲ ಬೆಳಗ್ಗೆಯಲ್ಲ.

ಹೋಟೆಲಿಗೆ ಹೋಗಲು ಹತ್ತಿದ ಶ್ವಾಜೆಲ್ ಕಡೆಯ ವ್ಯಾನಿನಲ್ಲಿ ಹಿಂದಿನ ಸೀಟಿನ ಮೂಲೆ ಸಿಕ್ಕಿತು. ಮಡಿಲಲ್ಲಿ ಕುಂಚಗಳ ಚೀಲ. ವ್ಯಾನು ಹೊರಡುವ ಮೊದಲೇ ಚಾಲಕ ಕನ್ನಡಿಯಲ್ಲಿ ಅವಳನ್ನು ನೋಡಿ, "ಏನ್ ಮಿಸ್, ರಾತ್ರಿ ಲಾಟರಿ ನಂಬರ್ ಏನಾದ್ರೂ ಬಂತಾ ಕನಸಲ್ಲಿ?" ಎಂದ. ವ್ಯಾನೆಲ್ಲ ನಕ್ಕಿತು. ಮೀನಿನ ಬುಟ್ಟಿ ಕಾಲ ಸಂದಿಯಲ್ಲಿ ಇಟ್ಟುಕೊಂಡಿದ್ದ ದಪ್ಪ ಹೆಂಗಸು, "ಸುಮ್ನಿರೋ, ಹಿರೀಕರ ವಿಷ್ಯ ಅದು," ಎಂದು ಗದರಿ, ಲಿಯೊನೀಸಳ ಮೊಣಕೈ ಮುಟ್ಟಿ, ಪವಿತ್ರವಾದದ್ದನ್ನು ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು. ತಮಾಷೆ ಮಾಡಿದವನ ಮಾತಿಗಿಂತ ಆ ಮುಟ್ಟುವಿಕೆ ಹೆಚ್ಚು ನೋಯಿಸಿತು. ಮೂವತ್ತು ವರ್ಷ ಊರಿನ ಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟಾಗ, ಮನೆಯ ಹಿಂದಿನ ಶೆಡ್ಡಿನಲ್ಲಿ ದಂಗೆ ಎದ್ದ ಗುಲಾಮರನ್ನು, ಉರಿಯುವ ಕಬ್ಬಿನ ಗದ್ದೆಗಳನ್ನು ಬರೆದು ಬರೆದು ಗೋಡೆಗೆ ಒರಗಿಸಿಟ್ಟಾಗ, ಯಾರೂ ಅವಳ ಮೊಣಕೈ ಮುಟ್ಟಿರಲಿಲ್ಲ. ಎತ್ತಿದ ಮುಷ್ಟಿಗಳು, ಮುರಿದ ಸಂಕೋಲೆಗಳು, ಪಂಜುಗಳು. ಹತ್ತು ವರ್ಷದ ಹಿಂದೆ ಅವುಗಳನ್ನು ಕಾಸ್ಟ್ರೀಸಿನಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಒಬ್ಬ, ವೈನ್ ಗ್ಲಾಸು ಹಿಡಿದುಕೊಂಡು, ಅವಳು ಹಿಂದೆ ನಿಂತಿರುವುದು ಗೊತ್ತಿಲ್ಲದೆ, ‘ಎಲೆಕ್ಷನ್ ಪೋಸ್ಟರ್ ಇದ್ದ ಹಾಗಿದೆ’ ಅಂದಿದ್ದ. ಅವನು ಹೇಳಿದ್ದು ನಿಜ ಎಂದು ಆ ಕ್ಷಣವೇ ಅವಳಿಗೆ ಗೊತ್ತಾಗಿತ್ತು. ಅವನ ಮೇಲಿನ ಸಿಟ್ಟು ಅದಕ್ಕೇ ಇನ್ನೂ ಆರಿರಲಿಲ್ಲ.

ಆಲೆಮನೆಯ ಗೋಡೆಯನ್ನು ಅವಳು ನೋಡಿ ಏಳು ವಾರವಾಗಿತ್ತು. ಫೋಂ ಕ್ಲೋಟಿಲ್ಡ್ ಎಸ್ಟೇಟನ್ನು ಹೋಟೆಲು ಮಾಡುತ್ತಿದ್ದರು. ಹಳೆಯ ಆಲೆಮನೆಯೇ ಊಟದ ಹಾಲು, ಅದರ ಉದ್ದನೆಯ ಗೋಡೆಯ ಮೇಲೆ ದ್ವೀಪದ ಚರಿತ್ರೆಯ ಚಿತ್ರ ಬರೆಯಬೇಕು ಎಂದು ಅವಳನ್ನು ಕರೆಸಿದ್ದರು. ಅವತ್ತು ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋಗಿದ್ದರು. ಕಬ್ಬಿನ ಹಾಲು ಕುದಿಸುತ್ತಿದ್ದ ಕೊಪ್ಪರಿಗೆಗಳು ಈಗ ಇಲ್ಲ, ಅವು ಕೂರುತ್ತಿದ್ದ ಒಲೆಗಳ ಕುಳಿಗಳು ಮಾತ್ರ ಸಾಲಾಗಿ ಇದ್ದವು. ಬಣ್ಣ ಹಿಡಿಯುತ್ತದೋ ಇಲ್ಲವೋ ನೋಡೋಣವೆಂದು ಮೂರನೆಯ ಕುಳಿಯ ಹಿಂದೆ, ಕತ್ತಲ ಸಂದಿಯಲ್ಲಿ, ಮೊಣಕಾಲೂರಿ ಕೂತು ಹಳೆಯ ಸುಣ್ಣದ ಚಕ್ಕೆಯನ್ನು ಕೆರೆದಳು. ಸುಣ್ಣದ ಕೆಳಗೆ ಮಸಿ ಹಿಡಿದ ಗಾರೆ, ಗಾರೆಯ ಮೇಲೆ ಒಂದು ಗೆರೆ. ಬಿರುಕು ಅಂದುಕೊಂಡಳು. ಬಿರುಕಿಗೆ ಕಾಲು ಇತ್ತು. ಉಗುರಿನಿಂದ, ಆಮೇಲೆ ಒದ್ದೆ ಬಟ್ಟೆಯಿಂದ, ಉಸಿರು ಬಿಗಿಹಿಡಿದು ಒಂದು ಮೊಳದಷ್ಟು ಜಾಗ ಬಿಡಿಸಿದಳು. ಬೆರಳುದ್ದದ ಮನುಷ್ಯರು. ಮೊಳೆಯಿಂದಲೋ ಚಾಕುವಿನ ಮುರಿದ ತುದಿಯಿಂದಲೋ ಗೀರಿದ್ದು. ಮುಖವಿಲ್ಲ, ಮುಷ್ಟಿಯಿಲ್ಲ. ಒಬ್ಬರ ಹಿಂದೊಬ್ಬರು, ತಲೆಯ ಮೇಲೆ ಗಂಟು, ಮೇಲಕ್ಕೆ ಹೋಗುತ್ತಿದ್ದರು. ಕೆಲವು ಗೆರೆಗಳು ಒಂದೇ ಎಳೆತದಲ್ಲಿ ಬಂದಿದ್ದವು, ಕೆಲವು ನಡುಗಿ ನಿಂತು ಮತ್ತೆ ಹೊರಟಿದ್ದವು. ನಿಂತು ಬರೆಯುವ ಎತ್ತರವಲ್ಲ ಅದು. ಒಲೆಗೆ ಸಿಪ್ಪೆ ನೂಕುತ್ತ ಕುಕ್ಕರಗಾಲಲ್ಲಿ ಕೂತವರು, ಮೇಲ್ವಿಚಾರಕ ಅತ್ತ ತಿರುಗಿದಾಗ, ಇಷ್ಟಿಷ್ಟೇ ಗೀರಿದ್ದು. ಅವಳೂ ಹಾಗೇ ಕೂತಿದ್ದಳು. ಗೆರೆಯಲ್ಲಿ ಬೆರಳು ಇಟ್ಟಳು. ಬೆರಳು ಅದರಲ್ಲಿ ಕೂತಿತು.

ಎಷ್ಟೋ ವರ್ಷ ದಾಖಲೆಗಳ ಕಚೇರಿಯಲ್ಲಿ ಕೂತು ಅವಳು ಓದಿದ್ದು ಯಜಮಾನರು ಬರೆದದ್ದನ್ನು. ‘ಓಡಿಹೋಗಿದ್ದಾಳೆ. ಎಡಗಿವಿ ಅರ್ಧ ಇಲ್ಲ. ಚೆನ್ನಾಗಿ ಹಾಡುತ್ತಾಳೆ.’ ‘ಓಡಿಹೋಗಿದ್ದಾನೆ. ಬೆನ್ನಿನ ಮೇಲೆ ಗುರುತುಗಳಿವೆ. ನಗುವ ಸ್ವಭಾವ.’ ಓಡಿಹೋದವರು ತಾವಾಗಿ ಬರೆದಿಟ್ಟದ್ದು ಒಂದು ಅಕ್ಷರವೂ ಇಲ್ಲ, ಒಂದು ಚುಕ್ಕಿಯೂ ಇಲ್ಲ. ಇದು ಅದು. ಇದೊಂದೇ ಅದು. ಎದ್ದು ಹೊರಗೆ ಓಡಿ ಕೂಗಿ ಎಲ್ಲರನ್ನೂ ಕರೆಯಬೇಕು ಅನ್ನಿಸಿತು. ಫೋನು ತೆಗೆದು ಫೋಟೋ ಹಿಡಿಯಲು ಕೈ ಎತ್ತಿದಳು. ಆಗ ಅವಳೊಳಗೆ ಏನೋ ಮುಚ್ಚಿಕೊಂಡಿತು, ಸಿಹಿ ಸಿಕ್ಕ ಮಗು ಬೇರೆ ಮಕ್ಕಳ ಹೆಜ್ಜೆ ಸದ್ದು ಕೇಳಿ ಮುಷ್ಟಿ ಬಿಗಿ ಮಾಡುವ ಹಾಗೆ. ಫೋಟೋ ಇದ್ದರೆ ಅದು ಸಾಕ್ಷಿ. ಫೋಟೋ ಇಲ್ಲದಿದ್ದರೆ ತನ್ನ ಕೈಯಿಂದ ಬಂದದ್ದು ತನ್ನದು. ಕಲಾವಿದೆ ಕಣ್ಣಿನಿಂದ ನೋಡಬೇಕು, ಯಂತ್ರದಿಂದಲ್ಲ ಎಂದು ಕ್ಲಾಸಿನಲ್ಲಿ ಹೇಳುತ್ತಿದ್ದ ಮಾತನ್ನು ಅಲ್ಲೇ, ಆ ಧೂಳಿನಲ್ಲಿ ಮೊಣಕಾಲೂರಿಕೊಂಡೇ, ತನಗೆ ಹೇಳಿಕೊಂಡಳು. ಫೋನು ಚೀಲಕ್ಕೆ ಹಾಕಿದಳು. ಒಂದು ಪ್ಲೈವುಡ್ ಹಲಗೆ ಎಳೆದು ತಂದು ಗೋಡೆಗೆ ಒರಗಿಸಿ, ‘ಮುಟ್ಟಬೇಡಿ. ಲಿಯೊನೀಸ್’ ಎಂದು ಸೀಮೆಸುಣ್ಣದಲ್ಲಿ ಬರೆದಳು. ಕೆಲಸದವರು ವಾಪಸು ಬಂದಾಗ ಕೈ ತೊಳೆಯುತ್ತಿದ್ದಳು.

ಕ್ಯಾನ್ವಾಸು ಒಂದು ತಿಂಗಳಲ್ಲಿ ಮುಗಿಯಿತು. ಯಾವತ್ತೂ ಕೈಗೆ ಸಿಗದಿದ್ದ ಗೆರೆ ಸಿಕ್ಕಿತ್ತು. ಮೊದಲ ವಾರ ಅವರ ಹಾಗೆಯೇ ಬರೆದಳು, ಮುಖವಿಲ್ಲದೆ. ಆಮೇಲೆ ದೊಡ್ಡ ಕ್ಯಾನ್ವಾಸಿನಲ್ಲಿ ಖಾಲಿ ಖಾಲಿ ಕಂಡಿತು. ಮುಖ ಕೊಟ್ಟಳು. ಮುಂದಿನವನ ಕೈಯನ್ನು ಸ್ವಲ್ಪ ಮೇಲಕ್ಕೆತ್ತಿದಳು. ಇಬ್ಬರ ಕಾಲಿಗೆ ತುಂಡಾದ ಸಂಕೋಲೆ ಹಾಕಿದಳು. ಪ್ರದರ್ಶನದ ದಿನ ಗ್ಯಾಲರಿಯ ಮುಖ್ಯಸ್ಥ, ಲಂಡನಿನಲ್ಲಿ ಓದಿ ಬಂದ ತೆಳ್ಳಗಿನ ಮನುಷ್ಯ, ಚಿತ್ರದ ಹತ್ತಿರ ಮುಖ ಒಯ್ದು, "ಈ ಗೆರೆ ನಿಮ್ಮ ಹಿಂದಿನ ಚಿತ್ರಗಳಲ್ಲಿ ಇರ್ಲೇ ಇಲ್ಲ. ಎಲ್ಲಿಂದ ಬಂತು ಇದು?" ಎಂದು ಕೇಳಿದ್ದ. ಪಕ್ಕದಲ್ಲಿ ಪತ್ರಿಕೆಯ ಹುಡುಗಿ ನೋಟ್‌ಬುಕ್ಕು ತೆರೆದಿದ್ದಳು. ಹೇಳಲು ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ಅವಳಿಗೆ ಹತ್ತು ವರ್ಷದ ಹಿಂದಿನ ವೈನ್ ಗ್ಲಾಸು ನೆನಪಾಯಿತು. "ಕನಸಲ್ಲಿ ಕಂಡೆ," ಎಂದಳು. ಎಷ್ಟು ಸಲೀಸಾಗಿ ಬಂತೆಂದರೆ, ಬಹಳ ದಿನದಿಂದ ನಾಲಿಗೆಯ ಮೇಲೇ ಇತ್ತೇನೋ.

ಎಸ್ಟೇಟಿನ ಗೇಟಿನಲ್ಲಿ ಕಾವಲಿನವನು ಟೋಪಿ ಎತ್ತಿದ. ಮ್ಯಾನೇಜರ್ ಮೊನ್ರೋಸ್ ಅಂಗಳದಲ್ಲೇ ಸಿಕ್ಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಊರಿನವರೇ, ಮೀನುಗಾರನ ಮಗ. ಊರಿನವರೊಂದಿಗೆ ಮಾತಾಡುವಾಗಲೂ ಈಗ ಅತಿಥಿಗಳೊಂದಿಗೆ ಮಾತಾಡುವ ಧ್ವನಿ.

"ಮೊನ್ರೋಸ್, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು," ಎಂದಳು ಲಿಯೊನೀಸ್. ಹೇಳಿಯೇಬಿಟ್ಟೆ ಅನ್ನಿಸಿ ಕಾಲು ಹಗುರಾಯಿತು.

"ಮೊದ್ಲು ನಾನು ಹೇಳ್ಬಿಡ್ತೀನಿ, ಬನ್ನಿ ಬನ್ನಿ," ಎಂದು ಅವರು ಅವಳ ಭುಜ ಹಿಡಿದು ಆಲೆಮನೆಯ ಕಡೆ ನಡೆಸಿದರು. "ನೀವು ಕಾಸ್ಟ್ರೀಸಲ್ಲಿ ಇದ್ರಲ್ಲ, ಆಗ ನಮ್ಮ ಆರ್ಕಿಟೆಕ್ಟ್ ಬಂದಿದ್ರು. ಅವರ ಕಣ್ಣೇ ಕಣ್ಣು. ಗಾರೆ ಎಲ್ಲಾ ತೆಗೆಸಿ, ಒಳಗೆ ಕಲ್ಲು ಇದೆ, ಜನಕ್ಕೆ ಬೇಕಾಗಿರೋದು ಕಲ್ಲು ಅಂದ್ರು. ನಿಮ್ಮ ಚಿತ್ರಕ್ಕೇನೂ ಚಿಂತೆ ಬೇಡ. ಹಲಗೆ ಮೇಲೆ ಬರ್ದು ತೂಗು ಹಾಕೋಣ. ಮದುವೆ ಪಾರ್ಟಿ ಗೀರ್ಟಿ ಇದ್ದಾಗ ತೆಗೆದಿಡಬಹುದು, ಅದೂ ಒಂದು ಅನುಕೂಲ. ನೋಡಿ!"

ಅವಳು ನೋಡಿದಳು. ಗೋಡೆ ಆ ತುದಿಯಿಂದ ಈ ತುದಿಗೆ ಬೆತ್ತಲಾಗಿತ್ತು. ಬೂದು ಕಲ್ಲು, ಕೆಂಪು ಕಲ್ಲು, ನಡುನಡುವೆ ಹವಳದ ಬಿಳಿ ಕಲ್ಲು, ತೊಳೆದು, ಸಂದಿಗಳಿಗೆ ಹೊಸ ಸಿಮೆಂಟು ತುಂಬಿ, ಕೆಳಗಿನಿಂದ ಹಳದಿ ದೀಪ ಬಿಟ್ಟಿದ್ದರು. ಚೆನ್ನಾಗಿತ್ತು. ಮೊದಲು ಅನ್ನಿಸಿದ್ದು ಅದೇ, ಚೆನ್ನಾಗಿದೆ ಎಂದು. ಆಮೇಲೆ ಹಲಗೆ ನೆನಪಾಯಿತು. ಕಾಲು ತಾನಾಗಿಯೇ ಮೂರನೆಯ ಕುಳಿಯ ಕಡೆ ಹೋಯಿತು. ಹಲಗೆ ಇರಲಿಲ್ಲ. ಕೂತಳು. ಕಲ್ಲಿನ ಮೇಲೆ ಕೈಯಾಡಿಸಿದಳು, ಕುರುಡಿಯ ಹಾಗೆ, ಕೆಳಗಿನಿಂದ ಮೇಲಕ್ಕೆ, ಅವರು ಹತ್ತಿದ ದಿಕ್ಕಿನಲ್ಲೇ.

"ಏನಾದ್ರೂ ಬೀಳಿಸ್ಕೊಂಡ್ರಾ?" ಎಂದರು ಮೊನ್ರೋಸ್ ಹಿಂದಿನಿಂದ. "ಅಲ್ಲಿ ವೈನ್ ಬಾಟ್ಲು ಜೋಡಿಸೋ ಶೆಲ್ಫ್ ಬರುತ್ತೆ. ಅಂದ ಹಾಗೆ ಏನೋ ಹೇಳ್ಬೇಕು ಅಂದ್ರಲ್ಲ?"

"ಏನಿಲ್ಲ."

ಅವರ ಒಂದು ಫೋನು ಹಾಡತೊಡಗಿತು. ಅವರು ಹೊರಗೆ ಹೋದರು.

ಎಷ್ಟು ಹೊತ್ತು ಕೂತಿದ್ದಳೋ. ಯಾರೋ ಗಂಟಲು ಸರಿಮಾಡಿಕೊಂಡದ್ದು ಕೇಳಿ ತಿರುಗಿದಳು. ಮೇಸ್ತ್ರಿ ಆಂಬ್ರೋಸ್, ಮೈಯೆಲ್ಲ ಧೂಳು, ಹುಬ್ಬಿನ ಮೇಲೂ ಧೂಳು, ಕಿವಿಯ ಹಿಂದೆ ಚಪ್ಪಟೆ ಪೆನ್ಸಿಲು. ನಲವತ್ತು ದಾಟಿದ್ದರೂ ಅವಳ ಎದುರು ಇನ್ನೂ ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತಿದ್ದ. ಅವಳ ಹಳೆಯ ವಿದ್ಯಾರ್ಥಿ. ಒಂದು ಸಲ ಕ್ಯಾಲೆಂಡರಿನ ಕುದುರೆಯನ್ನು ಹಾಗೆಯೇ ಇಳಿಸಿಕೊಂಡು ತಂದು ತನ್ನದೆಂದು ತೋರಿಸಿದ್ದಕ್ಕೆ ಅವನನ್ನು ಬೋರ್ಡಿನ ಪಕ್ಕ ನಿಲ್ಲಿಸಿ, ‘ಇವನು ಕಳ್ಳ’ ಎಂದು ಇಡೀ ಕ್ಲಾಸಿಗೆ ಹೇಳಿದ್ದಳು. ಕಾಗದವನ್ನು ಅವನ ಎದುರೇ ಹರಿದಿದ್ದಳು. ಅದಾದ ಮೇಲೆ ಅವನು ಚಿತ್ರ ಬರೆಯಲಿಲ್ಲ.

"ಸಿಟ್ಟಾದ್ರಾ ಮಿಸ್?" ಎಂದ. "ಹಲಗೆ ಮೇಲೆ ಮುಟ್ಟಬೇಡಿ ಅಂತ ಇತ್ತು. ನಾನು ಕೊನೇವರೆಗೂ ಮುಟ್ಟಲಿಲ್ಲ. ಗೋಡೆ ಎಲ್ಲಾ ಮುಗೀತು, ಅದೊಂದು ಚೌಕ ಹಾಗೇ ಬಿಟ್ಟಿದ್ದೆ. ಆಮೇಲೆ ಹಲಗೆ ಸರಿಸಿ ನೋಡ್ದೆ. ನೀವು ಗೀಚಿದ್ದು."

"ನಾನು..."

"ನಂಗೆ ನೋಡಿದ ತಕ್ಷಣ ಗೊತ್ತಾಯ್ತು! ಪೇಪರ್‌ನಲ್ಲಿ ಬಂದಿತ್ತಲ್ಲ, ಅದೇ ಜನ, ಅದೇ ಗಂಟು. ಮಿಸ್ ಮೊದ್ಲು ಇಲ್ಲಿ ಗೋಡೆ ಮೇಲೆ ಗೀಚಿ ನೋಡಿದಾರೆ, ಆಮೇಲೆ ಬಟ್ಟೆ ಮೇಲೆ ಸರಿಯಾಗಿ ಬರ್ದಿದಾರೆ ಅಂದ್ಕೊಂಡೆ. ಮೊನ್ರೋಸ್ ಸಾಹೇಬರನ್ನೂ ಕರ್ಕೊಂಡು ಬಂದು ತೋರಿಸ್ದೆ. ಅವರೂ ಪೇಪರ್ ನೋಡಿದ್ರು. ಅವರ ಕೆಲಸ ಮುಗಿದಿದೆ, ದೊಡ್ಡ ಚಿತ್ರ ಆಗೋಗಿದೆ, ಇದು ಯಾಕೆ ಬೇಕು ತೆಗಿ ಅಂದ್ರು." ಅವನು ಅವಳ ಮುಖ ನೋಡಿ ಧ್ವನಿ ತಗ್ಗಿಸಿದ. "ಬೇಕಾಗಿತ್ತಾ ಮಿಸ್ ಅದು?"

ಅವಳು ಎದ್ದು ನಿಂತಳು. ಸೊಂಟ ಹಿಡಿದುಕೊಂಡಿತ್ತು. ತನ್ನ ಹೆಸರು ಬರೆದಿದ್ದಕ್ಕೆ ಇಷ್ಟು ದಿನ ಉಳಿಯಿತು, ತನ್ನ ಹೆಸರು ಬರೆದಿದ್ದಕ್ಕೇ ಹೋಯಿತು. ಹೆಸರಿಲ್ಲದೆ ಬಿಟ್ಟಿದ್ದರೆ ಇವನು ಏನೆಂದುಕೊಳ್ಳುತ್ತಿದ್ದ? ಯಾರನ್ನಾದರೂ ಕೇಳುತ್ತಿದ್ದನೇನೋ. ಮ್ಯೂಸಿಯಂನವರಿಗೆ ಫೋನು ಮಾಡುತ್ತಿದ್ದರೇನೋ. ಇಲ್ಲ, ಹಾಗೂ ಒಡೆಯುತ್ತಿದ್ದರು. ಹಾಗೂ ಒಡೆಯುತ್ತಿದ್ದರು ಎಂದು ಎರಡು ಸಲ ಅಂದುಕೊಂಡಳು. ಎರಡನೆಯ ಸಲ ಮೊದಲ ಸಲದಷ್ಟೂ ನಂಬಿಕೆ ಬರಲಿಲ್ಲ.

"ಒಡೆದ ಗಾರೆ ಎಲ್ಲಿದೆ ಆಂಬ್ರೋಸ್?"

"ಹಿಂದುಗಡೆ. ಕಾರು ನಿಲ್ಲಿಸೋ ಜಾಗಕ್ಕೆ ಹಳ್ಳ ತುಂಬಿಸ್ತಾ ಇದಾರೆ. ರೋಲರ್ ಬರುತ್ತೆ ಸಾಯಂಕಾಲ."

ಹಳ್ಳ ಆಲೆಮನೆಯ ಹಿಂದೆ, ಸಮುದ್ರದ ಕಡೆ ಇಳಿಯುವ ದಾರಿಯಲ್ಲಿತ್ತು. ಮಣ್ಣು, ಒಡೆದ ಹೆಂಚು, ಕೊಳೆತ ತೊಲೆ, ಅದರ ನಡುವೆ ಬೆಳ್ಳಗೆ ಗಾರೆಯ ಗುಡ್ಡೆ. ಹಿಂದಿನ ದಿನ ಮಳೆ ಬಂದಿತ್ತು. ಮೇಲಿನ ಪದರ ಹಿಟ್ಟು ಕಲಸಿದ ಹಾಗೆ ಆಗಿತ್ತು. ಲಿಯೊನೀಸ್ ಚಪ್ಪಲಿ ಬಿಟ್ಟು ಇಳಿದಳು. ಹಿಂದೆಯೇ ಆಂಬ್ರೋಸನೂ ಇಳಿದ, "ಕಾಲಿಗೆ ಮೊಳೆ ಗಿಳೆ ಚುಚ್ಚುತ್ತೆ ಮಿಸ್, ನೀವು ಮೇಲಿರಿ, ನಾನು ತೆಗೆದು ಕೊಡ್ತೀನಿ" ಎನ್ನುತ್ತ. ಅವಳು ಕೇಳಿಸಿಕೊಳ್ಳಲಿಲ್ಲ. ಅಂಗೈಯಗಲದ ಚೂರುಗಳನ್ನು ಎತ್ತಿ, ಬೆರಳಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. ಪ್ರತಿಯೊಂದರ ಮೇಲೂ ಗೆರೆ ಇತ್ತು. ಉಳಿ ಜಾರಿದ ಗೆರೆ, ಸನಿಕೆಯ ಗೆರೆ, ಬೇರು ಹಾದ ಗೆರೆ, ಬಿರುಕು. ಹಳೆಯದು ಕಪ್ಪಾಗಿರಬೇಕು, ಹೊಸದು ಬೆಳ್ಳಗಿರಬೇಕು ಎಂದು ಲೆಕ್ಕ ಹಾಕಿದಳು. ಮಳೆ ಎಲ್ಲವನ್ನೂ ಒಂದೇ ಬಣ್ಣ ಮಾಡಿತ್ತು.

ಅವರ ಹಾಗೆ ಮತ್ತೆ ಬರೆಯಬಲ್ಲೆನಾ? ಒದ್ದೆ ಮಣ್ಣಿನ ಮೇಲೆ ಬೆರಳಿನಿಂದ ಮುಂದಿನವನನ್ನು ಎಳೆದಳು. ಕೈ ಮೇಲಕ್ಕೆ ಹೋಯಿತು. ಅಳಿಸಿದಳು. ಮತ್ತೆ ಎಳೆದಳು. ಮತ್ತೆ ಕೈ ಮೇಲಕ್ಕೇ ಹೋಯಿತು. ಗೋಡೆಯಲ್ಲಿ ಅವನ ಕೈ ಎಲ್ಲಿತ್ತು? ಗಂಟು ಹಿಡಿದಿತ್ತೇ, ಪಕ್ಕಕ್ಕೆ ಬಿದ್ದಿತ್ತೇ? ಕಣ್ಣು ಮುಚ್ಚಿದರೆ ಕಾಣುವುದು ಕ್ಯಾನ್ವಾಸು. ಗೋಡೆಯನ್ನು ಅವಳು ಒಂದು ಗಂಟೆ ನೋಡಿದ್ದಳು, ಕ್ಯಾನ್ವಾಸನ್ನು ಒಂದು ತಿಂಗಳು. ಹದಿನಾಲ್ಕು ಜನ ಇದ್ದರೇ? ಹದಿನಾಲ್ಕು ಅಂದದ್ದು ಕ್ಯಾನ್ವಾಸಿನ ಉದ್ದಕ್ಕೆ ಸರಿಹೋಗುತ್ತದೆ ಎಂದಲ್ಲವೇ?

"ಎಷ್ಟು ಜನ ಇದ್ರು ಆಂಬ್ರೋಸ್, ನೀನು ನೋಡಿದಾಗ?"

"ಎಣಿಸಲಿಲ್ಲ ಮಿಸ್." ಅವನು ಒಂದು ಚೂರನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. "ಆದ್ರೆ ಕೆಳಗೆ ಒಬ್ಬಳು ಕೂತ್ಬಿಟ್ಟಿದ್ಳಲ್ಲ, ಅದು ನಂಗೆ ಹಿಡಿಸ್ತು. ಎಲ್ಲಾ ಹೋಗ್ತಾ ಇದಾರೆ, ಇವಳೊಬ್ಬಳಿಗೆ ಆಗ್ತಿಲ್ಲ. ಪೇಪರ್‌ನಲ್ಲಿ ಹುಡುಕಿದೆ, ಅವಳು ಇರ್ಲಿಲ್ಲ. ಯಾಕೆ ಬಿಟ್ರಿ ಮಿಸ್ ಅವಳನ್ನ?"

ಲಿಯೊನೀಸ್ ಅವನನ್ನೇ ನೋಡಿದಳು. ಕೆಳಗೆ, ಬಲಗಡೆ, ಒಂದು ಗುಂಡನೆಯ ಗೀರು ಇತ್ತು. ಕಲ್ಲು ಅಂದುಕೊಂಡಿದ್ದಳು. ಬೆಟ್ಟದ ಬುಡದ ಕಲ್ಲು. ಅದನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ. ಏರುವವರು ಬೇಕಾಗಿತ್ತು ಅವಳಿಗೆ.

"ಅದನ್ನ ನಾನು ಬರ್ದಿದ್ದಲ್ಲ ಆಂಬ್ರೋಸ್," ಎಂದಳು. ಮಾತು ಬಹಳ ಸಣ್ಣದಾಗಿ ಬಂತು.

"ಆಂ?"

"ಗೋಡೆ ಮೇಲಿದ್ದದ್ದು. ನಾನು ಬರೆದದ್ದಲ್ಲ. ನಮ್ಮವರು ಬರೆದದ್ದು. ಆಗಿನವರು, ಒಲೆ ಮುಂದೆ ಕೂತಿದ್ದವರು. ಇನ್ನೂರು ವರ್ಷ ಸುಣ್ಣದ ಕೆಳಗೆ ಇತ್ತು. ನಾನು ನೋಡ್ದೆ. ಯಾರಿಗೂ ಹೇಳ್ಲಿಲ್ಲ. ನೋಡ್ಕೊಂಡು ಬರ್ದೆ."

ಅವನು ನಕ್ಕ. ಅವಳು ನಗಲಿಲ್ಲವೆಂದು ನಿಲ್ಲಿಸಿದ. ಕೈಯಲ್ಲಿದ್ದ ಗಾರೆಯ ಚೂರನ್ನು ನೋಡಿದ, ಆಮೇಲೆ ಗುಡ್ಡೆಯನ್ನು, ಆಮೇಲೆ ತನ್ನ ಕೈಗಳನ್ನು. ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ. ಅವನು ಅವಳನ್ನು ಕಳ್ಳಿ ಎನ್ನುತ್ತಾನೆ, ಈಗ ಎನ್ನುತ್ತಾನೆ ಎಂದು ಅವಳು ಕಾದಳು. ಒಂದು ಥರದ ಆಸೆಯಿಂದಲೇ ಕಾದಳು. ಬೋರ್ಡಿನ ಪಕ್ಕ ನಿಲ್ಲಿಸಲಿ. ಇಡೀ ಊರಿನ ಮುಂದೆ ನಿಲ್ಲಿಸಲಿ. ಆದರೆ ಅವನ ಮುಖದಲ್ಲಿ ಅವಳು ಇರಲೇ ಇಲ್ಲ.

"ಹಂಗಾದ್ರೆ ನಾನು ಒಡೆದದ್ದು..." ಎಂದ. "ನಾನೇ ಒಡೆದ್ನಾ ಮಿಸ್? ನನ್ನ ಈ ಕೈಯಲ್ಲಿ? ಅವಳು ಕೂತಿದ್ಳಲ್ಲ, ಅವಳನ್ನೇ ಮೊದ್ಲು ಹೊಡೆದೆ ನಾನು. ಕೆಳಗಿನಿಂದ ಶುರು ಮಾಡ್ದೆ."

ಅವನು ಗುಡ್ಡೆಯ ಮೇಲೆ ಕೂತುಬಿಟ್ಟ. ಆರಡಿಯ ಮನುಷ್ಯ, ಮೊಣಕಾಲುಗಳ ನಡುವೆ ಕೈ ಇಳಿಬಿಟ್ಟು. ಅವನ ಅಮ್ಮನನ್ನು ಲಿಯೊನೀಸ್ ಬಲ್ಲಳು. ಪ್ರತಿ ಆಗಸ್ಟಿನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ದಿನ, ಚರ್ಚಿನಲ್ಲಿ ಓಡಿಹೋದವರ ಹೆಸರು ಓದುವಾಗ ಮುಂದಿನ ಸಾಲಿನಲ್ಲಿ ಕೂತು ಅಳುವವಳು. ಇವನು ಮನೆಗೆ ಹೋಗುತ್ತಾನೆ. ಹೇಳುತ್ತಾನೆ. ಅಥವಾ ಹೇಳದೆ ಇಟ್ಟುಕೊಳ್ಳುತ್ತಾನೆ, ಅವಳ ಹಾಗೆ. ಇನ್ನು ಮೇಲೆ ಉಳಿ ಹಿಡಿದಾಗಲೆಲ್ಲ.

"ಏ ಆಂಬ್ರೋಸ್," ಎಂದಳು. ನಕ್ಕಳು. ಆ ನಗು ಪತ್ರಿಕೆಯ ಫೋಟೋದ್ದು ಎಂದು ಗೊತ್ತಾಯಿತು, ಆದರೂ ನಕ್ಕಳು. "ತಮಾಷೆ ಮಾಡ್ದೆ ಕಣೋ. ನನ್ನನ್ನ ಕೇಳ್ದೆ ಒಡೆದ್ಯಲ್ಲ, ಅದಕ್ಕೆ ಹೆದರಿಸೋಣ ಅಂತ."

"ನಿಜಾನಾ?"

"ನಾನೇ ಗೀಚಿದ್ದು. ಮೊಳೆ ತಗೊಂಡು."

"ಆ ಕೂತಿರೋಳು?"

"ಅವಳೂ ನಾನೇ ಬರೆದದ್ದು. ಚೆನ್ನಾಗಿ ಬಂದಿಲ್ಲ ಅಂತ ಬಿಟ್ಟೆ."

ಅವನು ಎದೆಯ ಮೇಲೆ ಶಿಲುಬೆ ಎಳೆದುಕೊಂಡ, ಉಸಿರು ಬಿಟ್ಟ. "ಅಯ್ಯೋ ಮಿಸ್, ಜೀವಾನೇ ಹೋಗಿತ್ತು ನಂದು. ಸ್ಕೂಲಲ್ಲೂ ಹಿಂಗೇ ಹೆದರಿಸ್ತಿದ್ರಿ ನೀವು." ಬಣ್ಣ ವಾಪಸು ಬಂತು ಅವನ ಮುಖಕ್ಕೆ. ಅವನಿಗಾಗಿ ಹೇಳಿದೆ ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಒಳಗೆಲ್ಲೋ ಒಂದು ನೆಮ್ಮದಿ ಮಗ್ಗುಲು ಬದಲಿಸಿದ್ದು ಅವಳಿಗೆ ಕಂಡಿತು. ಅದು ಆಂಬ್ರೋಸನದಲ್ಲ. ಈಗ ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ. ಗೋಡೆಯೂ ಇಲ್ಲ.

ಅವನು ಹುರುಪಿನಿಂದ ಮತ್ತೆ ಹುಡುಕತೊಡಗಿದ. ಮಿಸ್‌ಗೆ ಬೇಕು ಎಂದರೆ ಹುಡುಕಿ ಕೊಡಬೇಕು. "ಇದಾ ಮಿಸ್? ಇದು? ಇದು ನೋಡಿ, ಇದು ಕಾಲು ಥರ ಇದೆ." ಒಂದೊಂದನ್ನೂ ಅವಳ ಅಂಗೈಯಲ್ಲಿಟ್ಟು ಮುಖ ನೋಡುತ್ತಿದ್ದ. ಬಿಸಿಲು ಇಳಿಯುತ್ತಿತ್ತು. ಬೆಟ್ಟದ ಬಿಸಿನೀರ ಬುಗ್ಗೆಗಳ ಗಂಧಕದ ವಾಸನೆ ಇಳಿದು ಬಂದು ಸಮುದ್ರದ ಗಾಳಿಯಲ್ಲಿ ಬೆರೆಯುತ್ತಿತ್ತು. ಇವನು ನಿಲ್ಲಿಸುವುದಿಲ್ಲ, ತಾನು ಹೌದು ಎನ್ನುವ ತನಕ ನಿಲ್ಲಿಸುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅವನು ಕೊಟ್ಟ ಒಂದು ಚೂರಿನ ಮೇಲೆ ಓರೆಯಾಗಿ ಒಂದು ಗೀರು ಇತ್ತು, ನಡುವೆ ಒಂದು ಕಡೆ ನಿಂತು ಮುಂದಕ್ಕೆ ಹೋದ ಹಾಗೆ. ಉಳಿ ಜಾರಿದ ಗೆರೆ ಅಲ್ಲದಿರಬಹುದು. ಉಳಿ ಜಾರಿದ ಗೆರೆಯೇ ಇರಬಹುದು.

"ಇದೇ," ಎಂದಳು. "ಸಿಕ್ತು."

"ಸಿಕ್ತಾ!" ಅವನು ಹಿಗ್ಗಿದ. ಆಮೇಲೆ ಸಂಕೋಚದಿಂದ ತಲೆ ಕೆರೆದುಕೊಂಡ. "ಮಿಸ್, ನಿಮ್ಮ ಹತ್ರ ದೊಡ್ಡ ಚಿತ್ರ ಇದೆ. ಇದನ್ನ ನಂಗೆ ಕೊಡ್ತೀರಾ? ನನ್ನ ಮಗಳು ಯಾವಾಗ್ಲೂ ಗೀಚ್ತಾ ಇರ್ತಾಳೆ. ಮನೇಲಿಟ್ಟು ಅವಳಿಗೆ ತೋರಿಸ್ತೀನಿ, ಮಿಸ್ ಲಿಯೊನೀಸ್ ಮೊದಮೊದಲು ಬರೆದ ಗೆರೆ ಇದು ಅಂತ. ನಿಮ್ಮ ಹೆಸರು ಹಾಕಿ ಕೊಡಿ."

ಕಿವಿಯ ಹಿಂದಿನಿಂದ ಪೆನ್ಸಿಲು ತೆಗೆದು, ತುದಿಯನ್ನು ಅಂಗಿಗೆ ಒರೆಸಿ, ಹಿಡಿಯುವ ಕಡೆ ಅವಳತ್ತ ಮಾಡಿ ಕೊಟ್ಟ. ಮೇಲೆ ದಾರಿಯಲ್ಲಿ ರೋಲರಿನ ಸದ್ದು ಕೇಳಿಸಿತು. ಯಾರೋ ‘ಹಳ್ಳದಿಂದ ಎದ್ದೇಳಿ’ ಎಂದು ಕೂಗಿದರು. ಲಿಯೊನೀಸ್ ಗಾರೆಯ ಚೂರನ್ನು ಮೊಣಕಾಲಿನ ಮೇಲಿಟ್ಟುಕೊಂಡಳು. ಗಾರೆ ಒದ್ದೆಯಾಗಿತ್ತು, ಪೆನ್ಸಿಲು ಅದರೊಳಕ್ಕೆ ಇಳಿದು ಇಳಿದು ಹೋಯಿತು. ಜಾಗ ಚಿಕ್ಕದು, ಹೆಸರು ಉದ್ದ. ಕೊನೆಯ ಅಕ್ಷರಗಳು ಆ ಗೀರಿನ ಮೇಲೆಯೇ ಹಾದುಹೋದವು. ಈಗ ಗೀರು ಯಾವುದು, ಹೆಸರು ಯಾವುದು ಎಂದು ಅವಳಿಗೂ ಗೊತ್ತಾಗುತ್ತಿರಲಿಲ್ಲ.

ಆಂಬ್ರೋಸ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೆಲ್ಲಗೆ ಊದಿ, ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ, ಹೆಸರು ಉಜ್ಜಿಹೋಗದ ಹಾಗೆ ಸುತ್ತಿಕೊಂಡ.